‘ಜೀವಂತ ಕಲ್ಲು’ ನಿಜವಾಗಿಯೂ ಕಲ್ಲೇ? ಮನೆಯಲ್ಲಿ ಅದು ಸಾಯುವುದೇಕೆ?

ಬೆಣಚುಕಲ್ಲಿನ ನಡುವೆ ಬಿರುಕು, ಅದರಿಂದ ಹೊರಬಂದ ಹಳದಿ ಹೂವು. ‘ಕಲ್ಲಿಗೂ ಜೀವ ಇದೆ’ ಎಂಬ ಒಕ್ಕಣೆಯೊಂದಿಗೆ ಇಂಥ ಫೋಟೋ ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು. ಫೋಟೋ ಅಸಲಿ ಇರಬಹುದು, ಆದರೆ ಅದು ಕಲ್ಲಲ್ಲ. ಲಿಥಾಪ್ಸ್ ಎಂಬ ಸಕ್ಯುಲೆಂಟ್ ಗಿಡ.

ಕಲ್ಲಿನಂತೆ ಕಾಣುವುದೇಕೆ?

ಇದರ ತವರು ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ಒಣನೆಲ. 1811ರಲ್ಲಿ ವಿಲಿಯಂ ಬರ್ಚೆಲ್ ಎಂಬ ಇಂಗ್ಲಿಷ್ ಸಸ್ಯಶೋಧಕ ವಿಚಿತ್ರ ಕಲ್ಲೆಂದುಕೊಂಡು ಎತ್ತಿಕೊಂಡದ್ದು ಗಿಡವಾಗಿತ್ತು! ಸುತ್ತಲಿನ ಕಲ್ಲುಗಳ ಬಣ್ಣವನ್ನೇ ಹೋಲುವುದರಿಂದ ಮೇಯುವ ಪ್ರಾಣಿಗಳ ಕಣ್ಣಿಗೆ ಇದು ಸುಲಭವಾಗಿ ಬೀಳುವುದಿಲ್ಲ. ಗಿಡದ ಬಹುಭಾಗ ಮಣ್ಣಿನೊಳಗೇ ಇರುತ್ತದೆ. ಹೊರಗೆ ಕಾಣುವುದು ಎರಡು ದಪ್ಪ ಎಲೆಗಳ ನೆತ್ತಿ ಮಾತ್ರ. ಅಲ್ಲಿರುವ ಅರೆಪಾರದರ್ಶಕ ‘ಕಿಟಕಿ’ಗಳ ಮೂಲಕ ಬೆಳಕು ಒಳಗಿಳಿಯುತ್ತದೆ.

ಸುಕ್ಕಾದರೆ ನೀರು ಹಾಕಬೇಕೇ?

ಇಲ್ಲೇ ಹೆಚ್ಚಿನವರು ಎಡವುವುದು. ಲಿಥಾಪ್ಸ್ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಎಲೆ ಬದಲಿಸುತ್ತದೆ. ಹಳೆಯ ಜೋಡಿಯ ನಡುವೆ ಹೊಸ ಜೋಡಿ ಮೂಡಿ, ಹಳೆಯದರಲ್ಲಿರುವ ನೀರನ್ನೇ ಹೀರಿ ಬೆಳೆಯುತ್ತದೆ. ಆಗ ಹಳೆಯ ಎಲೆ ಸುಕ್ಕಾಗಿ ಒಣಗುವುದು ಸಹಜ. ‘ಪಾಪ, ಬಾಯಾರಿದೆ’ ಎಂದು ನೀರೆರೆದರೆ ಹಳೆಯ ಎಲೆ ಒಣಗದೆ ಉಳಿಯುತ್ತದೆ, ಗಿಡ ಕೊಳೆಯಲೂಬಹುದು. ಬಿರುಕಿನಲ್ಲಿ ಹೊಸ ಎಲೆ ಇಣುಕುತ್ತಿದ್ದರೆ, ಹಳೆಯದು ಕಾಗದದಂತೆ ಒಣಗುವವರೆಗೆ ನೀರು ಬೇಡ. ಹೊಸ ಎಲೆ ಕಾಣದೆ, ಮಣ್ಣು ಪೂರ್ತಿ ಒಣಗಿ, ಗಿಡದ ಮೈ ಸುಕ್ಕಾಗಿದ್ದರೆ ಮಾತ್ರ ಅದು ಬಾಯಾರಿಕೆ. ಮುಟ್ಟಿದರೆ ಮೆತ್ತಗೆ, ನೀರು ತುಂಬಿದಂತಿದ್ದರೆ ಅದು ಕೊಳೆಯುತ್ತಿರುವ ಲಕ್ಷಣ.

ಮನೆಯಲ್ಲಿ ಬೆಳೆಸುವುದು ಹೇಗೆ?

• ಬರೀ ತೋಟದ ಮಣ್ಣು ಬೇಡ. ದಪ್ಪ ಮರಳು, ಸಣ್ಣ ಜಲ್ಲಿಯೇ ಹೆಚ್ಚಿರುವ ಮಿಶ್ರಣ ಬೇಕು.
• ಕುಂಡದ ತಳದಲ್ಲಿ ತೂತು ಕಡ್ಡಾಯ. ಬೇರು ಕೆಳಗಿಳಿಯುವುದರಿಂದ ಕುಂಡ ಆಳವಾಗಿರಲಿ.
• ಬೆಳಕು ಚೆನ್ನಾಗಿ ಬೀಳುವ ಕಿಟಕಿಯ ಬಳಿ ಇಡಿ. ಬೆಳಕು ಕಡಿಮೆಯಾದರೆ ಗಿಡ ಉದ್ದುದ್ದ ಬೆಳೆಯುತ್ತದೆ.
• ನಮ್ಮ ಮುಂಗಾರು ಮಳೆ ಇದರ ತವರಿನ ಮಳೆಯಂತಲ್ಲ. ಕರಾವಳಿ, ಮಲೆನಾಡಿನವರು ಸೂರಿನಡಿ, ಗಾಳಿಯಾಡುವಲ್ಲಿ ಇಡಲೇಬೇಕು.
• ಕಡು ಬೇಸಿಗೆಯಲ್ಲಿ ಇದು ವಿಶ್ರಾಂತಿಯಲ್ಲಿರುತ್ತದೆ. ಆಗ ನೀರು ತೀರಾ ಕಡಿಮೆ ಸಾಕು.

ನೀಲಿ ಲಿಥಾಪ್ಸ್ ಬೀಜ ಸಿಗುತ್ತದೆಯೇ?

ಆನ್‌ಲೈನ್‌ನಲ್ಲಿ ಕಡುನೀಲಿ, ಕಾಮನಬಿಲ್ಲಿನ ಬಣ್ಣದ ಚಿತ್ರ ತೋರಿಸಿ ಬೀಜ ಮಾರುವವರಿದ್ದಾರೆ. ಇವು ಬಣ್ಣ ಬದಲಿಸಿದ ಚಿತ್ರಗಳು. ಅಸಲಿ ಲಿಥಾಪ್ಸ್ ಬೂದು, ಕಂದು, ಹಸಿರು ಛಾಯೆಗಳಲ್ಲಿರುತ್ತದೆ. ಕೆಂಪು, ನೇರಳೆಗೆಂಪಿನ ಕೆಲವು ತಳಿಗಳೂ ಇವೆ. ಬೀಜ ಧೂಳಿನಷ್ಟು ಸಣ್ಣದು. ದಪ್ಪ ಬೀಜ ಬಂದರೆ ಅದು ಬೇರೇನೋ!

ಸರಿಯಾಗಿ ನೋಡಿಕೊಂಡರೆ ಈ ಗಿಡ ಹತ್ತಾರು ವರ್ಷ ಬದುಕುತ್ತದೆ. ‘ಕಲ್ಲು ಹೂಬಿಟ್ಟಿತು’ ಎಂಬ ಫೋಟೋ ಮುಂದೆ ಕಳಿಸುವಾಗ, ‘ಇದು ಗಿಡ, ಎಲೆ ಬದಲಿಸುವಾಗ ನೀರು ಹಾಕಬೇಡಿ’ ಎಂಬ ಸಾಲನ್ನೂ ಸೇರಿಸಿ.