ಹದ್ದುಬಸ್ತು

ನಿವೃತ್ತಿಯ ಹಣ ಹಾಕಿ ಊರಾಚೆ ನೂರೈವತ್ತು ಗಜ ಜಾಗ ಕೊಳ್ಳುವ ಕನ್ನಡಿಗರು ಹೈದರಾಬಾದಿನಲ್ಲಿ ಬಹಳ ಮಂದಿ. ನೋಂದಣಿ, ಸಾಲ, ವಾಸ್ತು ಎಲ್ಲವನ್ನೂ ನಾಲ್ಕು ಜನರಲ್ಲಿ ವಿಚಾರಿಸುತ್ತೀರಿ. ಕಾಗದದ ಮೇಲಿನ ನಾಲ್ಕು ಮೂಲೆ ನೆಲದ ಮೇಲೆ ಎಲ್ಲಿವೆ ಎಂಬುದನ್ನು ಮಾತ್ರ ದಲ್ಲಾಳಿ ತೋರಿಸಿದ ಕಲ್ಲಿಗೆ ಬಿಟ್ಟುಬಿಡುತ್ತೀರಿ! ನಕ್ಷೆಯ ಗಡಿಯನ್ನು ಅಳೆದು ನೆಲದ ಮೇಲೆ ಗುರುತಿಸುವ ಕೆಲಸಕ್ಕೆ ನಮ್ಮ ಕಂದಾಯದವರು ಹದ್ದುಬಸ್ತು ಎನ್ನುತ್ತಾರೆ.

30 ಅಡಿಗೆ 45 ಅಡಿಯ ನಿವೇಶನವಾದರೆ ಒಂದು ಪರೀಕ್ಷೆಯನ್ನು ನೀವೇ ಮಾಡಬಹುದು. ಎರಡು ಕರ್ಣಗಳನ್ನೂ ಟೇಪಿನಿಂದ ಅಳೆಯಿರಿ. ಎರಡೂ 54 ಅಡಿ 1 ಅಂಗುಲ ಬಂದರೆ ಮೂಲೆಗಳು ಮಟ್ಟಸ. ಆದರೆ ಅಷ್ಟಕ್ಕೇ ಸಮಾಧಾನಪಡಬೇಡಿ. ನಿವೇಶನದ ಆಕಾರ ಸರಿಯಿದ್ದೂ ಜಾಗ ತಪ್ಪಿರಬಹುದು.

ಅದು ಹೇಗೆಂದರೆ, ಸರ್ವೇಯರ್ ಗೊತ್ತಿರುವ ಒಂದು ಬಿಂದುವಿನ ಮೇಲೆ ಟೋಟಲ್ ಸ್ಟೇಷನ್ ನಿಲ್ಲಿಸಿ, ಗೊತ್ತಿರುವ ಇನ್ನೊಂದು ಬಿಂದುವಿನತ್ತ ದುರ್ಬೀನು ತಿರುಗಿಸಿ ದಿಕ್ಕು ಹಿಡಿಯುತ್ತಾನೆ. ಅಲ್ಲಿಂದ ಕೋನ, ದೂರ ನೋಡಿಕೊಂಡು, ಪ್ರಿಸಂ ಹಿಡಿದ ಹುಡುಗನನ್ನು ಎಡಕ್ಕೆ, ಬಲಕ್ಕೆ ಸರಿಸಿ ಗೂಟ ಹೊಡೆಸುತ್ತಾನೆ. ಆ ದಿಕ್ಕಿನಲ್ಲೇ ಒಂದು ಡಿಗ್ರಿ ತಪ್ಪಿತೆನ್ನಿ, 100 ಮೀಟರ್ ದೂರದ ಗೂಟ ಸುಮಾರು 1.75 ಮೀಟರ್ ಪಕ್ಕಕ್ಕೆ ಹೋಗುತ್ತದೆ. ನಾಲ್ಕು ಗೂಟಗಳೂ ಒಟ್ಟಾಗಿ ಸರಿಯುವುದರಿಂದ ಕರ್ಣ ಅಳೆದವರಿಗೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಮೂರನೆಯ ಒಂದು ಗೊತ್ತಿರುವ ಬಿಂದುವನ್ನು ನೋಡಿ ತಾಳೆ ಮಾಡಲು ಹೇಳಿ. ಮುಖ ಸಿಂಡರಿಸಿಕೊಂಡರೂ ಸರಿ, ಹೇಳಿ. ಪಕ್ಕದ ಮನೆಯ ಕಾಂಪೌಂಡು ಗೊತ್ತಿರುವ ಬಿಂದುವಲ್ಲ.

ಇಂಥ ನಂಬಿಕೆಯ ಆಧಾರಕ್ಕಾಗಿಯೇ ಕರ್ನಲ್ ಲ್ಯಾಂಬ್ಟನ್ 1815ರಲ್ಲಿ ನಮ್ಮ ಬೀದರಿನ ಬಳಿ ಮೈಲುಗಟ್ಟಲೆ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದದ್ದು. ಬಿಸಿಲಿಗೆ ಲೋಹ ಹಿಗ್ಗುತ್ತದೆಂದು ಆ ಕಾಲದಲ್ಲೇ ಥರ್ಮಾಮೀಟರ್ ಇಟ್ಟು ಲೆಕ್ಕ ತಿದ್ದುತ್ತಿದ್ದರು. 1841ರಲ್ಲಿ ಅದೇ ರೇಖೆಯನ್ನು ಮತ್ತೆ ಅಳೆದು ನೋಡಿದರು. ಇಷ್ಟು ಶಂಕೆಯ ಸ್ವಭಾವದವರಿಗೇ ಈ ಕೆಲಸ ಸರಿ.

ಈ ಊರಿನಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಕೆರೆಯ ಕೋಡಿ ಬೀಳುವ ಮಟ್ಟ ನಮಗೆಲ್ಲ ಗೊತ್ತು. ಅದನ್ನೇ ಇಲ್ಲಿ ಎಫ್.ಟಿ.ಎಲ್. ಎನ್ನುತ್ತಾರೆ. ಕೋಡಿಯ ಎತ್ತರವನ್ನು ಲೆವೆಲ್ ಯಂತ್ರದಿಂದ ದಡದ ಸುತ್ತ ಒಯ್ದರೆ ಆ ರೇಖೆ ಸಿಗುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟ ನೆಲವೂ ಅದರೊಳಗಿರಬಹುದು. ಅದರಾಚೆಗೂ, 10 ಹೆಕ್ಟೇರ್ ಮತ್ತು ಮೇಲ್ಪಟ್ಟ ಕೆರೆಗೆ 30 ಮೀಟರ್, ಚಿಕ್ಕದಕ್ಕೆ 9 ಮೀಟರ್ ಬಿಡಬೇಕೆಂದು 2012ರ ಕಟ್ಟಡ ನಿಯಮಗಳು ಹೇಳಿದವು. 2024ರಲ್ಲಿ ಹೈಡ್ರಾ ಬಂದ ಮೇಲೆ ಕೆರೆಯಂಗಳದ ಕಟ್ಟಡಗಳು ಉರುಳಿದ್ದನ್ನು ನೀವೆಲ್ಲ ನೋಡಿದ್ದೀರಿ. ಹತ್ತಿರ ಕೆರೆಯಿದ್ದರೆ ಮುಂಗಡ ಕೊಡುವ ಮೊದಲೇ ಮಟ್ಟ ನೋಡಿಸಿ.

ಮನೆ ಕಟ್ಟುವಾಗ ಒಂದು ಮಾತು. ಪಾಯ ಅಗೆಯುವವರ ಹಾರೆಗೆ ಮೊದಲು ಬಲಿಯಾಗುವುದು ಮೂಲೆಯ ಗೂಟವೇ. ಪ್ರತಿ ಮೂಲೆಯಲ್ಲಿ ಸೇರುವ ಎರಡೂ ಗೆರೆಗಳನ್ನು ಹೊರಕ್ಕೆ ಎಳೆದು, ಅಗೆತಕ್ಕೆ ಸಿಗದಷ್ಟು ದೂರದಲ್ಲಿ ಒಂದೊಂದು ಗೂಟ ಹೊಡೆಸಿಡಿ. ಎದುರುಬದುರಿನ ಗೂಟಗಳಿಗೆ ದಾರ ಕಟ್ಟಿದರೆ, ದಾರಗಳು ಕೂಡುವಲ್ಲಿ ಕಳೆದುಹೋದ ಮೂಲೆ ಮತ್ತೆ ಸಿಗುತ್ತದೆ.