ಮೊಮ್ಮಗಳ ಫಾರಂ, ತಾತನ ಪಾಸ್‌ಬುಕ್

ಮಕ್ಕಳೇ, ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕೂತು ಬೇರೆಯವರು ತುಂಬಿದ ಫಾರಂಗಳಲ್ಲಿ ತಪ್ಪು ಹುಡುಕಿದವನು ನಾನು. ಫಾರಂ ತಯಾರಿಸುವವರ ಕಷ್ಟ ಗೊತ್ತಾದದ್ದು ಮಾತ್ರ ಈ ದಸರಾ ರಜೆಯಲ್ಲಿ, ಒಂಬತ್ತನೇ ತರಗತಿಯ ಮೊಮ್ಮಗಳಿಂದ.

ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶವಿದೆ, 2.10ನೇ ಆವೃತ್ತಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮಿಕ್ಸಿಗೆ ಇನ್ನೊಂದು ಜಾರ್ ಕೂರಿಸಿದ ಹಾಗೆ, ನಾವೇ ಬರೆದ ಪುಟ್ಟ ಪ್ರೋಗ್ರಾಂ ಒಂದನ್ನು ಅದಕ್ಕೆ ಜೋಡಿಸಬಹುದು. ಪ್ಲಗಿನ್ ಅಂದರೆ ಅದೇ. ನಮ್ಮ ಪುಟ್ಟಿ ಪೈಥಾನ್ ಭಾಷೆಯಲ್ಲಿ ಬರೆದದ್ದು ಫೋಟೋ ಮಸುಕು ಮಾಡುವ ಪ್ಲಗಿನ್.

ಲೆಕ್ಕ ಸರಳ. ಫೋಟೋ ಎಂದರೆ ಲಕ್ಷಗಟ್ಟಲೆ ಬಣ್ಣದ ಚುಕ್ಕಿಗಳು. ಪ್ರತಿ ಚುಕ್ಕಿಯ ಜಾಗದಲ್ಲಿ ಅದರದೂ ಅಕ್ಕಪಕ್ಕದವುಗಳದೂ ಸೇರಿಸಿ ಸರಾಸರಿ ಬಣ್ಣ ಇಡುವುದು. ಒಂದು ಸುತ್ತಿನ ನೆರೆಹೊರೆ ಸೇರಿದರೆ 9 ಚುಕ್ಕಿ, ಎರಡು ಸುತ್ತಾದರೆ 25, ಹತ್ತು ಸುತ್ತಾದರೆ 441. ಸುತ್ತು ಹೆಚ್ಚಿದಷ್ಟೂ ಮಸುಕು ಹೆಚ್ಚು, ನಾವು ಕಾಯಬೇಕಾದದ್ದೂ ಹೆಚ್ಚು.

ಎಷ್ಟು ಸುತ್ತು ಎಂದು ಕೇಳಲು ಒಂದು ಫಾರಂ ಬೇಕಲ್ಲ? ಪ್ರಶ್ನೆ ಏನು, ಮೊದಲೇ ತುಂಬಿರುವ ಅಂಕಿ ಯಾವುದು, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು ಒಂದೇ ಸಾಲಿನಲ್ಲಿ ಬರೆದರೆ ಸಾಕು, ಜಿಂಪ್ ತಾನೇ ಫಾರಂ ತೋರಿಸುತ್ತದೆ. ಪುಟ್ಟಿ ಬರೆಯುವ ಖಾನೆಯ ಬದಲು ಎಳೆಯುವ ಪಟ್ಟಿ ಇಟ್ಟಳು, 1ರಿಂದ 50ರವರೆಗೆ. "ಖಾನೆ ಕೊಟ್ಟರೆ ಯಾರಾದ್ರೂ ಮೈನಸ್ 5 ಅಂತ ಬರೀತಾರೆ ತಾತ. ಇದರಲ್ಲಿ ಆ ತಪ್ಪು ಮಾಡೋಕೇ ಆಗಲ್ಲ" ಅಂದಳು. ನನಗೆ ಹಿಡಿಸಿತು. ಮೊದಲೇ ತುಂಬಿರುವ ಅಂಕಿಯನ್ನು ಮಾತ್ರ 1 ಎಂದು ಬಿಟ್ಟಿದ್ದಳು.

ಮೊದಲ ಗಿರಾಕಿ ನಾನೇ. ಪಾಸ್‌ಬುಕ್ಕಿನಲ್ಲಿ ಬಡ್ಡಿಯ ಒಂದು ನಮೂದಿನ ಬಗ್ಗೆ ನಿವೃತ್ತ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಕೇಳಬೇಕಿತ್ತು. ಪುಟದ ಫೋಟೋ ತೆಗೆದು, ಖಾತೆ ನಂಬರಿನ ಸುತ್ತ ಚೌಕ ಎಳೆದು, ಫಾರಂ ಬಂದಾಗ ಓದದೆ ಓಕೆ ಒತ್ತಿದೆ. ನನ್ನ ಕಣ್ಣಿಗೆ ಮಸುಕಾಗಿಯೇ ಕಂಡಿತು. (ಈ ವಯಸ್ಸಿನಲ್ಲಿ ಯಾವುದು ತಾನೇ ಮಸುಕಾಗಿ ಕಾಣುವುದಿಲ್ಲ!) ಕಳಿಸಿ ಹತ್ತು ನಿಮಿಷವಾಗಿಲ್ಲ, ಗೆಳೆಯರೊಬ್ಬರ ಫೋನು: "ಏನ್ರೀ, ನಿಮ್ಮ ಖಾತೆ ನಂಬರ್ ಓದಿ ಹೇಳ್ಲಾ?" ಒಂದಂಕಿ ಬಿಡದೆ ಓದಿಬಿಟ್ಟರು. ಗಡಿಬಿಡಿಯಲ್ಲಿ ಫೋಟೋ ಅಳಿಸಿದೆ.

"ನೀವು ಪಟ್ಟಿ ಎಳೆಯಲೇ ಇಲ್ವಲ್ಲ ತಾತ!" ಅಂದಳು ಪುಟ್ಟಿ. ರೇಗಲು ಬಾಯಿ ತೆರೆದವನಿಗೆ ಕೌಂಟರಿನ ಒಂದು ದಿನ ನೆನಪಾಯಿತು. ಆಗ ನಮ್ಮಲ್ಲಿ ಹಣ ತೆಗೆಯುವ ಚೀಟಿಯಲ್ಲಿ ಗಿರಾಕಿ ಸಹಿ ಮಾಡುವ ಗೆರೆಯ ಕೆಳಗೇ, ಅಷ್ಟೇ ಉದ್ದದ ಇನ್ನೊಂದು ಗೆರೆ ಕಚೇರಿಯ ಉಪಯೋಗಕ್ಕಿತ್ತು. ಹಳ್ಳಿಯಿಂದ ಬಂದ ಒಬ್ಬ ತಾಯಿ ಅಲ್ಲೇ ಸಹಿ ಮಾಡಿದರು. ನಾನು ಮೂರು ಸಲ ಚೀಟಿ ವಾಪಸು ಕೊಟ್ಟೆ, ಕೊನೆಗೆ ಗದರಿದೆ. ಅವರ ಬಸ್ಸು ತಪ್ಪಿತು. ಆ ಗೆರೆಯಲ್ಲಿ ದಿನಕ್ಕೆ ಹತ್ತು ಜನ ಸಹಿ ಮಾಡುತ್ತಿದ್ದರು. ಹತ್ತು ಜನಕ್ಕೂ ಬುದ್ಧಿ ಇಲ್ಲ ಅಂದುಕೊಂಡಿದ್ದೆ, ಚೀಟಿಯನ್ನು ಒಮ್ಮೆಯೂ ಅನುಮಾನಿಸಲಿಲ್ಲ.

ಇದನ್ನು ಪುಟ್ಟಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು 1 ಅಳಿಸಿ 20 ಎಂದು ಬರೆದಳು. "ರೇಡಿಯಸ್" ಎಂದಿದ್ದ ಕಡೆ "ಎಷ್ಟು ಮಸುಕು?" ಬಂತು. ಅಷ್ಟಾದರೂ ಅಂಕಿಗಳಿಗೆ ಮಸುಕು ನಂಬಿಕೆಯದ್ದಲ್ಲವಂತೆ. ಇರುವುದು ಹತ್ತೇ ಅಂಕಿ, ಒಂದೊಂದನ್ನೂ ಮಸುಕು ಮಾಡಿ ಹೋಲಿಸಿ ನೋಡಿದರೆ ಪತ್ತೆ ಹಚ್ಚಬಹುದು ಅಂದಳು. ಹಾಗಾಗಿ "ಪೂರ್ತಿ ಕಪ್ಪು ಬಳಿ" ಎಂಬ ಟಿಕ್ ಖಾನೆಯನ್ನೂ ಸೇರಿಸಿದಳು. ನನ್ನ ಒತ್ತಾಯಕ್ಕೆ ಅದರಲ್ಲಿ ಮೊದಲೇ ಟಿಕ್ ಹಾಕಿಟ್ಟೆವು.

ಪರೀಕ್ಷೆಗೆ ಅಜ್ಜಿಯನ್ನು ಕೂರಿಸಿದೆವು. ಅವಳು ಮೌಸ್ ಹಿಡಿದದ್ದೇ ಅಂದು. ಯಾವ ಭಾಗವನ್ನೂ ಆರಿಸದೆ ನೇರ ಓಕೆ ಒತ್ತಿದಳು. ನಮ್ಮ ಮದುವೆಯ ಫೋಟೋ ಪೂರ್ತಿ ಕಪ್ಪಾಯಿತು!

"ಕಂಟ್ರೋಲ್ ಝಡ್ ಇದೆ ಅಜ್ಜೀ, ಹೆದರಬೇಡಿ" ಎನ್ನುತ್ತಾ ಪುಟ್ಟಿ ಫೋಟೋ ವಾಪಸು ತಂದಳು. ಆಮೇಲೆ ಇನ್ನೊಂದು ಸಾಲು ಬರೆಯಲು ಕೂತಳು: ಏನೂ ಆರಿಸದಿದ್ದರೆ ಕೆಲಸ ನಿಲ್ಲಿಸಿ, "ಮೊದಲು ಅಡಗಿಸಬೇಕಾದ ಭಾಗ ಆರಿಸಿ" ಎಂದು ಹೇಳಬೇಕು.