ಕಂಪ್ಯೂಟರ್ ಹಳೆಯದೋ, ಚಿತ್ರಗಳು ಚೆಲ್ಲಾಪಿಲ್ಲಿಯೋ?

ಮಕ್ಕಳೇ, ನಿಮ್ಮ ಶಾಲೆಯ ಅಟ್ಲಾಸ್ ಪುಸ್ತಕದ ಕೊನೆಯ ಪುಟಗಳನ್ನು ಎಂದಾದರೂ ತೆರೆದು ನೋಡಿದ್ದೀರಾ? ಅಲ್ಲಿ ಊರುಗಳ ಹೆಸರಿನ ಪಟ್ಟಿ ಇರುತ್ತದೆ. ಪ್ರತಿ ಹೆಸರಿನ ಮುಂದೆ ಅದು ಯಾವ ಪುಟದ ಯಾವ ಚೌಕದಲ್ಲಿದೆ ಎಂದು ಬರೆದಿರುತ್ತಾರೆ. ಭೂಪಟಗಳ ಪುಸ್ತಕಕ್ಕೆ ‘ಅಟ್ಲಾಸ್’ ಎಂಬ ಹೆಸರು ಬಂದದ್ದು 1595ರಲ್ಲಿ ಪ್ರಕಟವಾದ ಮರ್ಕೇಟರ್ ಅವರ ಪುಸ್ತಕದಿಂದ. ಕಂಪ್ಯೂಟರ್ ಆಟ ತಯಾರಿಸುವವರೂ ಈ ಹೆಸರನ್ನು ಎರವಲು ಪಡೆದಿದ್ದಾರೆ. ಆಟಕ್ಕೆ ಬೇಕಾದ ಚಿಕ್ಕ ಚಿಕ್ಕ ಚಿತ್ರಗಳನ್ನೆಲ್ಲ ಒಂದೇ ದೊಡ್ಡ ಹಾಳೆಯಲ್ಲಿ ಜೋಡಿಸಿ, ಯಾವುದು ಎಲ್ಲಿದೆ ಎಂಬ ಪಟ್ಟಿಯನ್ನು ಜೊತೆಗಿಟ್ಟರೆ ಅದೇ ‘ಟೆಕ್ಸ್‌ಚರ್ ಅಟ್ಲಾಸ್’.

ಇದೆಲ್ಲ ದೊಡ್ಡ ಕಂಪನಿಗಳ ಕೆಲಸ, ಹಳ್ಳಿ ಶಾಲೆಯ ಮಕ್ಕಳಿಗೆ ಏಕೆ ಎಂದು ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಹಾಳೆಯನ್ನೂ ಪಟ್ಟಿಯನ್ನೂ ನೀವು ಒಮ್ಮೆಯಾದರೂ ನಿಮ್ಮ ಕೈಯಾರೆ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಏಕೆ ಎಂದು ಹೇಳುತ್ತೇನೆ.

ನಾನು ಭೇಟಿ ಕೊಟ್ಟ ಒಂದು ಶಾಲೆಯಲ್ಲಿ ಏಳನೆಯ ತರಗತಿಯ ಮಕ್ಕಳು, ಊರಿನ ಕಾಲೇಜು ವಿದ್ಯಾರ್ಥಿಯೊಬ್ಬರ ನೆರವಿನಿಂದ ಒಂದು ಆಟ ಮಾಡಿದ್ದರು. ಕೋಳಿಮರಿ ಬೆಕ್ಕಿಗೆ ಸಿಕ್ಕದಂತೆ ಕಾಳು ಹೆಕ್ಕಬೇಕು. ಒಟ್ಟು 46 ಚಿತ್ರಗಳು, 46 ಫೈಲುಗಳು. ಆಟ ಮುಗ್ಗರಿಸುತ್ತ ಸಾಗುತ್ತಿತ್ತು. “ಈ ಕಂಪ್ಯೂಟರಿಗೆ ವಯಸ್ಸಾಯಿತು ಸರ್, ಗುಜರಿಗೆ ಹಾಕಬೇಕು” ಎಂದರು ಅಲ್ಲಿನ ಮೇಷ್ಟ್ರು. ಶಾಲೆಯಲ್ಲಿ ಇದ್ದುದೇ ಅದೊಂದು ಕಂಪ್ಯೂಟರ್.

ತೆರೆಯ ಮೇಲೆ ಚಿತ್ರ ಮೂಡಿಸುವುದು ಗ್ರಾಫಿಕ್ಸ್ ಪ್ರೊಸೆಸರ್ ಎಂಬ ಭಾಗದ ಕೆಲಸ. ಹಾಳೆ ಒಂದೇ ಆಗಿದ್ದರೆ ಅದರ ನೂರಾರು ತುಂಡುಗಳನ್ನು ಅದು ಒಂದೇ ಆದೇಶದಲ್ಲಿ ಮೂಡಿಸಬಲ್ಲದು. ಒಂದು ತುಂಡಿಗೆ ಒಂದು ಹಾಳೆ, ಮುಂದಿನ ತುಂಡಿಗೆ ಇನ್ನೊಂದು ಹಾಳೆ ಎಂದಾದರೆ ಪ್ರತಿ ಸಲವೂ ಹೊಸ ಆದೇಶ ಬೇಕು. ಸಂತೆಗೆ ಹೋದವರು ಈರುಳ್ಳಿ ಕೊಂಡು ಮನೆಗೆ ಬಂದು, ಮತ್ತೆ ಹೋಗಿ ಬದನೆಕಾಯಿ ತಂದ ಹಾಗೆ! ಸೆಕೆಂಡಿಗೆ 60 ಬಾರಿ ಇದೇ ಓಡಾಟ ನಡೆದರೆ ಹಳೆಯ ಯಂತ್ರ ಏದುಸಿರು ಬಿಡದೆ ಇನ್ನೇನು ಮಾಡೀತು?

ಮಕ್ಕಳು ಗ್ರಾಫ್ ಹಾಳೆ ತೆಗೆದುಕೊಂಡರು. ಅಗಲ 256, ಎತ್ತರ 256 ಪಿಕ್ಸೆಲ್ ಇರುವ ಹಾಳೆ. ಅದರಲ್ಲಿ 32 ಪಿಕ್ಸೆಲ್‌ನ ಚೌಕಗಳು. ಸಾಲಿಗೆ 8ರಂತೆ 64 ಚೌಕಗಳಾದವು. ನಂತರ ಪಟ್ಟಿ: “ಮರಿ ನಡಿಗೆ – ಎಡದಿಂದ 64, ಮೇಲಿನಿಂದ 96, ಅಗಲ 32, ಎತ್ತರ 32”. ಹೀಗೆ 46 ಸಾಲು. ಗ್ರಾಫಿಕ್ಸ್ ಪ್ರೊಸೆಸರಿಗೆ ಇದು ಭಿನ್ನರಾಶಿಯಾಗಿ ತಲುಪುತ್ತದೆ. 64ನ್ನು 256ರಿಂದ ಭಾಗಿಸಿದರೆ ಕಾಲು ಭಾಗ. 96ನ್ನು ಭಾಗಿಸಿ ನೀವೇ ನೋಡಿ.

ಮೊದಲ ಸಲ ಆಟ ತೆರೆದಾಗ ಕೋಳಿಮರಿ ಇರಬೇಕಾದ ಜಾಗದಲ್ಲಿ ಬೆಕ್ಕು ಕಾಳು ಹೆಕ್ಕುತ್ತಿತ್ತು! ಎಲ್ಲರೂ ಬಿದ್ದು ಬಿದ್ದು ನಕ್ಕರು. ಗಣಿತದ ಅಭ್ಯಾಸದಂತೆ ಅವರು ಎತ್ತರವನ್ನು ಕೆಳಗಿನಿಂದ ಎಣಿಸಿದ್ದರು. ಆ ತಂತ್ರಾಂಶ ಮೇಲಿನಿಂದ ಎಣಿಸುತ್ತಿತ್ತು. ಕೆಳಗಿನಿಂದ ಎಣಿಸುವ ತಂತ್ರಾಂಶಗಳೂ ಇವೆ. ಆದ್ದರಿಂದ ಎಣಿಕೆ ಎಲ್ಲಿಂದ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು.

ಅದನ್ನು ಸರಿಪಡಿಸಿದ ಮೇಲೆ ಮರಿಯ ಅಂಚಿನಲ್ಲಿ ತೆಳುವಾದ ಹಸಿರು ಗೆರೆ ಕಾಣಿಸಿಕೊಂಡಿತು. ಪಕ್ಕದ ಚೌಕದ ಹುಲ್ಲಿನ ಬಣ್ಣ ಇತ್ತ ಸೋರಿತ್ತು. ಚಿತ್ರವನ್ನು ಹಿಗ್ಗಿಸಿ ತೋರಿಸುವಾಗ ಅಂಚಿನಲ್ಲಿ ಪಕ್ಕದ ಪಿಕ್ಸೆಲ್‌ಗಳೂ ಬೆರೆಯುವುದುಂಟು. ಚೌಕಗಳ ನಡುವೆ 2 ಪಿಕ್ಸೆಲ್ ಬದು ಬಿಟ್ಟರು. ಆಗ ಸಾಲಿಗೆ 8 ಹಿಡಿಯದೆ 7 ಚೌಕವಾಯಿತು. 64, 96ರಲ್ಲಿದ್ದ ಮರಿ 68, 102ಕ್ಕೆ ಸರಿಯಿತು. ಇಡೀ ಪಟ್ಟಿಯನ್ನು ಮತ್ತೆ ಬರೆಯಬೇಕಾಯಿತು. ಹಾಳೆ ಬದಲಾಗಿ ಪಟ್ಟಿ ಹಳೆಯದೇ ಉಳಿದರೆ ಮತ್ತೆ ಬೆಕ್ಕೇ ಕಾಳು ಹೆಕ್ಕೀತು. ಆಟ ಶುರುವಾಗುವ ಮುಂಚೆ ಹಾಳೆ, ಪಟ್ಟಿ ಎರಡೂ ಪೂರ್ತಿ ಲೋಡ್ ಆಗಿರಬೇಕು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಚಿತ್ರ ಸಿಗದು.

ಆಟದಲ್ಲಿ ಬೇರೇನನ್ನೂ ಬದಲಿಸಲಿಲ್ಲ. ಅದೇ ಕಂಪ್ಯೂಟರಿನಲ್ಲಿ ಮರಿ ಸರಾಗವಾಗಿ ಓಡಿತು. ಮುಗ್ಗರಿಸುವ ಆಟಕ್ಕೆಲ್ಲ ಇದೇ ಮದ್ದು ಎನ್ನಲಾರೆ. ಆದರೆ ಯಂತ್ರವನ್ನು ಗುಜರಿಗೆ ಕಳಿಸುವ ಮುಂಚೆ ನಮ್ಮ ಜೋಡಣೆಯನ್ನು ಪರೀಕ್ಷಿಸಬೇಡವೇ?

ಜಪಾನಿನ ನಿಂಟೆಂಡೊ ಕಂಪನಿಯ ‘ಸೂಪರ್ ಮಾರಿಯೊ ಬ್ರದರ್ಸ್’ ಆಟ ಬಂದದ್ದು 1985ರಲ್ಲಿ. ಅದರ ಚಿತ್ರಗಳಿಗೆ ಇದ್ದ ಜಾಗ ಬರೀ 8 ಕಿಲೋಬೈಟ್. ಇಂದಿನ ಮೊಬೈಲಿನ ಒಂದು ಫೋಟೊ ಅದರ ನೂರಾರು ಪಟ್ಟು ದೊಡ್ಡದು! ಆ ಜಾಗದಲ್ಲಿ 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ 512 ಬಿಲ್ಲೆಗಳನ್ನು ಇಟ್ಟಿದ್ದರು. ಇಡೀ ಆಟ ಅವುಗಳದೇ ಜೋಡಣೆ. ಆಕಾಶದ ಮೋಡ ಮತ್ತು ನೆಲದ ಪೊದೆ ಒಂದೇ ಆಕಾರ. ಒಂದಕ್ಕೆ ಬಿಳಿ, ಇನ್ನೊಂದಕ್ಕೆ ಹಸಿರು ಬಣ್ಣ ಅಷ್ಟೆ. ಅಟ್ಲಾಸ್ ಎಂಬ ಮಾತು ಇರಲಿ ಬಿಡಲಿ, ಉಪಾಯ ಇದೇ ಜಾತಿಯದು.

“ಹಾಳೆ ಜೋಡಿಸಿ ಪಟ್ಟಿ ಬರೆದುಕೊಡುವ ತಂತ್ರಾಂಶಗಳೇ ಇವೆಯಲ್ಲ, ಕೈಯಲ್ಲಿ ಏಕೆ ಒದ್ದಾಡಬೇಕು?” ಎಂದು ಆ ಕಾಲೇಜು ವಿದ್ಯಾರ್ಥಿ ಕೇಳಿದರು. ನಿಜ, ಇವೆ. ಎರಡನೆಯ ಆಟಕ್ಕೆ ಬಳಸಿ. ಮೊದಲ ಆಟಕ್ಕೂ ಬಳಸಿದ್ದರೆ, ಬೆಕ್ಕು ಅಲ್ಲಿಗೆ ಹೇಗೆ ಬಂತೆಂದು ಮಕ್ಕಳಿಗೆ ತಿಳಿಯುತ್ತಿತ್ತೇ?

ಇನ್ನೊಂದು ಮಾತು. ಹಾಳೆ ಒಂದೇ ಇರಲಿ ಎಂದು ಎಲ್ಲವನ್ನೂ ಅದಕ್ಕೇ ತುರುಕಬೇಡಿ. ಒಂದು ಪಿಕ್ಸೆಲ್‌ಗೆ ಸಾಮಾನ್ಯವಾಗಿ 4 ಬೈಟ್ ಬೇಕು. ಅಗಲ, ಎತ್ತರ 1024 ಇದ್ದರೆ ಹಾಳೆ 4 ಮೆಗಾಬೈಟ್ ಮೆಮೊರಿ ಹಿಡಿಯುತ್ತದೆ. 4096 ಆದರೆ 64 ಮೆಗಾಬೈಟ್. ಒಟ್ಟಿಗೆ ತೆರೆಗೆ ಬರುವ ಚಿತ್ರಗಳು ಒಂದು ಹಾಳೆಯಲ್ಲಿದ್ದರೆ ಸಾಕು.

ಏಳು ಸಾಲಿನಲ್ಲಿ ಏಳೇಳು ಚೌಕ, ಚಿತ್ರಗಳು 46. ಆ ಮಕ್ಕಳ ಹಾಳೆಯಲ್ಲಿ ಇನ್ನೂ 3 ಚೌಕಗಳು ಖಾಲಿ ಇವೆ. ಅಲ್ಲಿ ಹದ್ದು ಬರಬೇಕೆಂದು ಹುಡುಗರು, ತಾಯಿಕೋಳಿ ಬರಬೇಕೆಂದು ಹುಡುಗಿಯರು. ನಾನು ಹೊರಡುವಾಗಲೂ ಜಗಳ ಮುಗಿದಿರಲಿಲ್ಲ.